ಬೀಡಲ್ ಹಿಲ್ ರಸ್ತೆಯ ದಾರದ ಜಗಲಿ

ರಾಸ್ವೆಲ್ ಗೋಕಿ ಜೀವಮಾನವೆಲ್ಲ ಹಾಲಿನ ಟ್ಯಾಂಕರ್ ಓಡಿಸಿದವನು. ನಮ್ಮ ಟಾರ್ಬೆಲ್ ಊರಲ್ಲೂ ಸುತ್ತಲ ಗುಡ್ಡಗಳಲ್ಲೂ ಹಸು ಕಟ್ಟಿದ ಮನೆ ಎಷ್ಟಿದ್ದವೋ ಅಷ್ಟಕ್ಕೂ ಹೋಗಿ, ಹಾಲು ತುಂಬಿಸಿಕೊಂಡು, ಕೆಳಗಿನ ಡೈರಿಗೆ ಮುಟ್ಟಿಸುವುದು ಅವನ ಕೆಲಸ. ಹಸುಗಳಿಗೆ ಹಬ್ಬದ ರಜೆ ಗೊತ್ತಿಲ್ಲವಲ್ಲ. ಕ್ರಿಸ್ಮಸ್ ಬೆಳಿಗ್ಗೆಯೂ ಅವನ ಗಾಡಿ ಹೋಗುತ್ತಿತ್ತು. ಹಿಮ ಕರಗಿ ರಸ್ತೆಯೆಲ್ಲ ಕೆಸರಾಗಿ ಶಾಲೆಯ ಬಸ್ಸೇ ಹೊರಡದ ದಿನಗಳಲ್ಲೂ ಹೋಗುತ್ತಿತ್ತು. ಮಾತು ಬಹಳ ಕಡಿಮೆ. ದಿನವಿಡೀ ಒಬ್ಬನೇ ಕೂತು ಗಾಡಿ ಓಡಿಸುವವನಿಗೆ ಮಾತು ಎಲ್ಲಿಂದ ಬರಬೇಕು? ಊರಿನ ಜೊತೆ ಅವನದೇನಿದ್ದರೂ ಬೆರಳಿನ ವ್ಯವಹಾರ.

ಬೆರಳಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಮಣ್ಣುರಸ್ತೆಯಲ್ಲಿ ಎದುರಿಗೆ ಗಾಡಿ ಬಂದರೆ ಸ್ಟೀರಿಂಗ್ ಹಿಡಿದ ಕೈಯಿಂದ ತೋರುಬೆರಳನ್ನು ಒಂದಿಷ್ಟು ಎತ್ತಬೇಕು. ಅಷ್ಟೇ. ಇಡೀ ಕೈ ಬೀಸಿದರೆ ರಜೆಗೆ ಬಂದ ಪಟ್ಟಣದವನು ಅಂತ ತಿಳಿಯುತ್ತದೆ. ಜಗಲಿಯ ಮೇಲೆ ಕೂತವನೂ ಹಾಗೆಯೇ, ಕುರ್ಚಿಯ ಕೈಯಿಂದ ಬೆರಳೆತ್ತಿದರೆ ಸಾಕು. ಆದರೆ ಎತ್ತದೆ ಹೋದಿರೋ, ಕಥೆ ಮುಗಿಯಿತು. ಮನೆಗೆ ಬಂದು ಬೈದರೂ ನಮ್ಮವರು ಮರೆತಾರು, ಎತ್ತದ ಬೆರಳನ್ನು ಮರೆಯುವುದಿಲ್ಲ. ನಮ್ಮೂರಲ್ಲಿ ಒಂದೇ ಬೆರಳಿನ ಕಾರಣಕ್ಕೆ ಮದುವೆಗೆ ಕರೆಯದೆ ಉಳಿದ ಅಣ್ಣತಮ್ಮಂದಿರಿದ್ದಾರೆ.

ಇನ್ನು ಅವನ ಕನಸು. ಬೆಳಗಿನ ಮಂಜಿನಲ್ಲಿ ಗುಡ್ಡ ಹತ್ತುವಾಗ ರಾಸ್ ನೋಡುತ್ತಿದ್ದದ್ದು ಜಗಲಿಗಳನ್ನು. ದೀಪ ಹತ್ತಿದ ಅಡುಗೆಮನೆ, ಅದರ ಮುಂದೆ ಮರದ ಜಗಲಿ, ಅದರ ಮೇಲೊಂದು ಕುರ್ಚಿ. ಅವನ ಮನೆಗೆ ಜಗಲಿ ಇರಲಿಲ್ಲ. ಮುಂಬಾಗಿಲು ತೆರೆದರೆ ಒಂದು ಕಲ್ಲಿನ ಮೆಟ್ಟಿಲು, ಸ್ವಲ್ಪ ಹುಲ್ಲು, ಆಮೇಲೆ ಬೀಡಲ್ ಹಿಲ್ ರಸ್ತೆ. ಬಂದುಹೋಗುವವರೆಲ್ಲ ಹಿಂದಿನ ಅಡುಗೆಮನೆ ಬಾಗಿಲಿನಿಂದಲೇ ಬಂದುಹೋಗುತ್ತಿದ್ದರು. ಹಾಗಾಗಿ ಅವನು ಗಾಡಿ ಓಡಿಸುತ್ತಲೇ ತಲೆಯೊಳಗೆ ಒಂದು ಜಗಲಿ ಕಟ್ಟತೊಡಗಿದ. ಗುಡ್ಡದ ಮೇಲಿನ ಟಟ್ರೋ ಮನೆಯ ಅಗಲವಾದ ಮೆಟ್ಟಿಲು, ಸೇತುವೆಯ ಪಕ್ಕದ ಮನೆಯ ಕಟಕಟೆ, ಬೆಟ್ಟದ ತುದಿಯ ವಿಧವೆಯೊಬ್ಬಳ ಮನೆಯ ನೀಲಿ ಬಳಿದ ಚಾವಣಿ. ಜಗಲಿಯ ಚಾವಣಿಗೆ ಒಳಗಿನಿಂದ ನೀಲಿ ಬಳಿದರೆ ಕಣಜಗಳು ಅದನ್ನು ಆಕಾಶ ಅಂದುಕೊಂಡು ಗೂಡು ಕಟ್ಟುವುದಿಲ್ಲವಂತೆ. ಹೀಗೆ ಊರಿನ ಎಲ್ಲ ಜಗಲಿಗಳಿಂದ ಒಂದೊಂದು ತುಂಡು ತಂದು ಜೋಡಿಸಿದ. ಇಷ್ಟವಾಗದಿದ್ದರೆ ಬಿಚ್ಚಿ ಮತ್ತೆ ಕಟ್ಟಿದ. ಕೆಲವು ದಿನ ಕೈ ಸ್ಟೀರಿಂಗ್ ಮೇಲಿದ್ದರೂ ತಾನು ಅಲ್ಲೇ ಕೂತಿರುತ್ತಿದ್ದೆ, ಎದುರಿನ ರಸ್ತೆಯಲ್ಲಿ ತನ್ನದೇ ಟ್ಯಾಂಕರ್ ಹೋಗುವುದು ಕಾಣುತ್ತಿತ್ತು ಅಂತ ಒಮ್ಮೆ ನನ್ನ ಹತ್ತಿರ ಹೇಳಿದ. ಅವನ ಹೆಂಡತಿ ಅಯೋನಾ ಬಾಯಲ್ಲಿ ಅದೇ ಮಾತು ಬೇರೆ ಥರ ಬರುತ್ತಿತ್ತು: "ನಾನು ಜಗಲಿ ಇಲ್ಲದ ಮನೇಲಿ ಸಂಸಾರ ಮಾಡ್ದೆ, ಇವ್ನು ಮನೆ ಇಲ್ಲದ ಜಗಲೀಲಿ ಮಾಡ್ದ."

ನಾನು ಯಾರು ಅಂತ ಕೇಳುತ್ತೀರಿ. ನಾನು ಥಿರ್ಜಾ. ದನ, ಕೋಳಿ, ಕುದುರೆಗಳ ಮೇವಿನ ಅಂಗಡಿ ನಡೆಸುತ್ತೇನೆ. ಬೇರೆ ಯಾರೂ ಒಪ್ಪಲಿಲ್ಲ ಅಂತ ಊರಿನ ಕಟ್ಟಡ ಮಂಡಳಿಯಲ್ಲೂ ಒಂದು ಕುರ್ಚಿ ಬಿಸಿ ಮಾಡುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಎಲ್ಲರಿಗೂ ಗೊತ್ತು.

ರಾಸ್ ಒಂದು ಶರತ್ಕಾಲದಲ್ಲಿ ಇದ್ದಕ್ಕಿದ್ದ ಹಾಗೆ ಗಾಡಿಯ ಕೀಲಿ ಡೈರಿಯವರಿಗೆ ಕೊಟ್ಟು ಮನೆಗೆ ಬಂದ. ಕೇಳಿದವರಿಗೆ ಸೊಂಟ ನೋವು ಅಂದ. ನಿಜ ಅದಲ್ಲ. ನಿಜ ನನಗೆ ತಿಳಿದದ್ದು ಬಹಳ ತಡವಾಗಿ, ಆದರೆ ನಿಮಗೆ ಈಗಲೇ ಹೇಳದಿದ್ದರೆ ಕಥೆ ದಾರಿ ತಪ್ಪುತ್ತದೆ. ಅವನ ಕಣ್ಣು ಹೋಗುತ್ತಿತ್ತು. ಪೂರ್ತಿ ಕತ್ತಲೆಯಲ್ಲ. ಯಾವುದನ್ನು ನೇರ ನೋಡುತ್ತಾನೋ ಅದರ ಮೇಲೆ ಯಾರೋ ಮಸಿಯ ಹೆಬ್ಬೆರಳು ಒತ್ತಿದ ಹಾಗೆ ಒಂದು ಕಲೆ. ಸುತ್ತಲಿನದೆಲ್ಲ ಇದೆ. ಮನುಷ್ಯ ಎದುರು ನಿಂತರೆ ಟೋಪಿ ಇದೆ, ಬೂಟು ಇದೆ, ಮುಖ ಇಲ್ಲ. ಅಯೋನಾಳ ಮುಖ ಹೋಗಿ ಅವಳ ಏಪ್ರನ್ನಿನ ಅಂಚು ಉಳಿದಿತ್ತು. ವೈದ್ಯರು ಇದು ವಾಸಿಯಾಗುವುದಲ್ಲ ಅಂದಿದ್ದರು.

ಇದನ್ನು ಯಾರಿಗೂ ಹೇಳಬಾರದು ಅಂತ ಅಯೋನಾಳಿಂದ ಮಾತು ತೆಗೆದುಕೊಂಡಿದ್ದ. "ಪಾಪ" ಅನ್ನುವ ಮಾತು ಅವನಿಗೆ ಆಗುತ್ತಿರಲಿಲ್ಲ. ಕಣ್ಣು ಕಾಣದವನ ಹತ್ತಿರ ಜನ ಕಿವಿ ಕೇಳದವನ ಹತ್ತಿರ ಮಾತಾಡಿದಂತೆ ಗಟ್ಟಿಯಾಗಿ, ನಿಧಾನವಾಗಿ ಮಾತಾಡುತ್ತಾರೆ. ಮುಚ್ಚಿದ ಪಾತ್ರೆಗಳಲ್ಲಿ ಊಟ ತಂದುಕೊಡುತ್ತಾರೆ. ಬೆನ್ನು ತಟ್ಟುತ್ತಾರೆ. ಅದರ ಬದಲು ಸೊಂಟ ನೋವಿನವನಾಗಿಯೇ ಇರುತ್ತೇನೆ ಅಂದುಕೊಂಡ. ಅವನಿಗೆ ಬೇಕಾಗಿದ್ದದ್ದು ಜಗಲಿ, ಅದೂ ರಸ್ತೆಯ ಕಡೆಗೆ. ಅಲ್ಲಿ ಕೂತರೆ ಊರು ಎದುರಿಗೆ ಹಾದುಹೋಗುತ್ತದೆ, ನಿಂತವರು ಮೆಟ್ಟಿಲು ಹತ್ತಿ ಬಂದು ಮಾತಾಡಿದರೆ ದನಿಯಿಂದ ಗುರುತು ಹಿಡಿಯಬಹುದು, ಉಳಿದದ್ದನ್ನು ಹೇಗೋ ನಿಭಾಯಿಸಬಹುದು.

ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅನ್ನುತ್ತಾರೆ. ಜಗಲಿಗೆ ಅಪ್ಪಣೆ ಕೇಳಿ ನೋಡು ಅಂತಲೂ ಸೇರಿಸಬೇಕಿತ್ತು. ನಮ್ಮ ಊರಿನ ಪರವಾನಗಿ ಅಧಿಕಾರಿ ವಾರಕ್ಕೆರಡು ದಿನ ಬಂದು ಟೌನ್ ಹಾಲಿನ ಮೂಲೆಯಲ್ಲಿ ಕೂರುತ್ತಾನೆ. ಒಳ್ಳೆಯವನೇ. ರಾಸ್ ಮತ್ತು ಅಯೋನಾ ಹೋಗಿ ಎದುರಿಗೆ ಕೂತರು. ಹಿಂದಿನ ಕಡೆ ಡೆಕ್ ಅಂತ ತೆರೆದ ಮರದ ಕಟ್ಟೆ ಕಟ್ಟಿಕೊಳ್ಳುವುದಾದರೆ ಇವತ್ತೇ ಅಪ್ಪಣೆ ಕೊಟ್ಟುಬಿಡುತ್ತೇನೆ, ಅಲ್ಲಿ ತೊರೆ ಇದೆ, ತೋಟ ಇದೆ, ಗದ್ದಲ ಇಲ್ಲ ಅಂದ ಅವನು. ಮುಂದಿನ ಕಡೆಯಾದರೆ ಆಗದು. ರಸ್ತೆಯ ನಟ್ಟನಡುವಿನಿಂದ ಇಂತಿಷ್ಟು ದೂರ ಬಿಡಬೇಕು ಅಂತ ನಿಯಮ. ಕುದುರೆಗಾಡಿಯ ಕಾಲದಲ್ಲಿ ಕಟ್ಟಿದ ಈ ಮನೆಯೇ ಆ ಗೆರೆಯ ಒಳಗಿದೆ, ಇನ್ನು ಅದರ ಮುಂದೆ ಜಗಲಿ ಬೇರೆ. ಅದಕ್ಕೆ ಮಂಡಳಿಯ ಮುಂದೆ ವಿಚಾರಣೆ ಆಗಬೇಕು. ಮಂಡಳಿಯವರು ಕೇಳುವುದು, ಇದಿಲ್ಲದಿದ್ದರೆ ನಿಮಗಾಗುವ ತೊಂದರೆ ಏನು ಅಂತ. ಆಸೆ ತೊಂದರೆಯ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲೆ ಅವನು ಪುಸ್ತಕ ತಿರುವುತ್ತಾ, ಮನೆಯಲ್ಲಿ ಯಾರಿಗಾದರೂ ಅಂಗವೈಕಲ್ಯ ಇದ್ದರೆ ಬೇರೆ ದಾರಿ ಇದೆ, ಆಗ ಮಂಡಳಿ ದೂರದ ನಿಯಮ ಸಡಿಲಿಸಬಹುದು, ಅಂಥದ್ದೇನಾದರೂ ಉಂಟಾ ಅಂತ ಕೇಳಿದ. ಅಯೋನಾ ಮೇಜಿನ ಕೆಳಗೆ ಗಂಡನ ಕಾಲನ್ನು ಒದ್ದಳು. ರಾಸ್ ಇಲ್ಲ ಅಂದ. ಸೊಂಟ ನೋವಂತೆ ಹೌದಾ ಅಂತ ಅಧಿಕಾರಿ ಆಸೆಯಿಂದಲೇ ಕೇಳಿದ. ಅದು ವಾಸಿಯಾಯಿತು ಅಂದ ಮಹಾರಾಯ.

ಹೀಗೆ ಒಂದು ಮಾತು ಹೇಳಿದ್ದರೆ ತೆರೆಯುತ್ತಿದ್ದ ಬಾಗಿಲನ್ನು ತಾನೇ ಮುಚ್ಚಿಕೊಂಡು ಅವನು ವಿಚಾರಣೆಗೆ ಅರ್ಜಿ ಹಾಕಿದ. ರಸ್ತೆಗೆ ಕಾಣುವಂತೆ ಮರಕ್ಕೊಂದು ಕಿತ್ತಳೆ ಬಣ್ಣದ ಚೀಟಿ ಬಡಿದರು, ಅಕ್ಕಪಕ್ಕದವರಿಗೆ ಸುದ್ದಿ ಹೋಯಿತು. ಮಂಡಳಿಯವರು ಬಂದು ನೋಡುವ ಮೊದಲು ಜಗಲಿ ಎಲ್ಲಿ ಬರುತ್ತದೋ ಅಲ್ಲಿ ಮೂಲೆಮೂಲೆಗೆ ಗೂಟ ಹೊಡೆದು ದಾರ ಕಟ್ಟಿರಬೇಕು ಅನ್ನುವುದು ನಮ್ಮ ಪದ್ಧತಿ. ವಸಂತದ ಕೆಸರು ಒಣಗಿದ ಮೇಲೆ ರಾಸ್ ಗೂಟ ಹೊಡೆದ. ಅಯೋನಾ ದಾರ ಹಿಡಿದಳು. ಮೆಟ್ಟಿಲು ಬರುವ ಕಡೆ ದಾರ ಕಟ್ಟದೆ ಬಿಟ್ಟ. ಸಂಜೆಗೆ ಅಡುಗೆಮನೆಯಿಂದ ಎರಡು ಕುರ್ಚಿ ತಂದು ದಾರದ ಒಳಗೆ ಹುಲ್ಲಿನ ಮೇಲೆ ಹಾಕಿದ. ಮಾರನೆಯ ಸಂಜೆಯೂ ಹಾಕಿದ. ಮಂಡಳಿಯವರು ಬಿತ್ತನೆಯ ಕೆಲಸ, ಹುಲ್ಲು ಕೊಯ್ಯುವ ಕೆಲಸ ಅಂತ ದಿನ ಮುಂದೂಡುತ್ತಾ ಹೋದಂತೆ ಆ ಬೇಸಿಗೆಯೆಲ್ಲ ಅವರು ದಾರದ ಜಗಲಿಯಲ್ಲೇ ಬಾಳಿದರು.

ನಾನೂ ಹೋಗಿ ಕೂತಿದ್ದೇನೆ. ಹೇಳಿದರೆ ನಗುತ್ತೀರಿ. ದಾರ ಮೊಣಕಾಲಿನಷ್ಟು ಎತ್ತರ, ದಾಟಿದರೆ ಆಯಿತು. ಆದರೂ ನಾನು ಸುತ್ತಿ ಬಂದು ಮೆಟ್ಟಿಲಿನ ಜಾಗದಿಂದಲೇ ಒಳಗೆ ಹೋದೆ. ಒಳಗೆ ಕಾಲಿಟ್ಟ ಕೂಡಲೇ ನೆರಳು ಬಂದಂತಾಯಿತು. ರಾಸ್ ಕೂತಲ್ಲೇ ಒಂದೊಂದೇ ತೋರಿಸಿದ. ಇಲ್ಲಿ ಕಂಬ, ಇಲ್ಲಿ ತೂಗುಮಣೆ, ಈ ಬದಿಯಲ್ಲಿ ಕಟ್ಟಿಗೆ ಪೇರಿಸುವುದು, ಇಲ್ಲಿ ಅಯೋನಾಳ ಬೀನ್ಸ್ ಬಿಡಿಸುವ ಮೇಜು. ಅಯೋನಾ ನಡುವೆ ಬಾಯಿ ಹಾಕಿ ತೂಗುಮಣೆ ಅಲ್ಲಿ ಬೇಡ, ಗಾಳಿ ಹೊಡೆಯುತ್ತದೆ, ಈ ಕಡೆ ಇರಲಿ ಅಂದಳು. ಅವನು ಎದ್ದು ಇಲ್ಲದ ತೂಗುಮಣೆಯನ್ನು ಎತ್ತಿ ಈ ಕಡೆ ಇಟ್ಟ. ಸಂಜೆಯ ಬೆಳಕು ಹುಲ್ಲಿನ ಮೇಲೆ ಮಲಗಿತ್ತು. ದೂರದಲ್ಲಿ ಯಾರೋ ಹುಲ್ಲು ಕೊಯ್ಯುತ್ತಿದ್ದರು, ಅದರ ವಾಸನೆ ಬಂತು. ಒಂದು ಸಲ ತುಂತುರು ಹನಿಯತೊಡಗಿತು. ನಾವು ಮೂವರೂ ಸುಮಾರು ಹೊತ್ತು ಏಳಲೇ ಇಲ್ಲ. ತಲೆಯ ಮೇಲೆ ನೀಲಿ ಚಾವಣಿ ಇದೆ ಅಂತಲೇ ನಮಗೆಲ್ಲ ಅನ್ನಿಸಿತ್ತು. ತಟ್ಟೆಯಲ್ಲಿದ್ದ ಅಯೋನಾಳ ರೂಬಾರ್ಬ್ ಪೈ, ಹುಳಿ ದಂಟಿನ ಸಿಹಿ ತಿನಿಸು, ನೆನೆದು ಮೆತ್ತಗಾದ ಮೇಲೆ ಎದ್ದೆವು.

ಇಷ್ಟು ಚೆಂದವಾಗಿದ್ದದ್ದು ಕೆಟ್ಟದ್ದು ಆ ಬೆರಳಿನಿಂದ. ರಸ್ತೆಯಲ್ಲಿ ಹೋಗುವವರು ದಾರದ ಜಗಲಿಯನ್ನು ನೋಡಿ ನಗುತ್ತಾ ಬೆರಳೆತ್ತುತ್ತಿದ್ದರು. ಪಕ್ಕದಲ್ಲಿ ಅಯೋನಾ ಇದ್ದರೆ ತುಟಿ ಅಲ್ಲಾಡಿಸದೆ ಯಾರು, ಯಾವ ಕಡೆಯಿಂದ ಅಂತ ಹೇಳುತ್ತಿದ್ದಳು, ಅವನು ಎತ್ತುತ್ತಿದ್ದ. ಅವಳು ಒಲೆ ನೋಡಲು ಒಳಗೆ ಹೋದರೆ ಮುಗಿಯಿತು. ಎಲ್ಲರ ಹಾಗೆ ನೋಡುತ್ತಿದ್ದೇನೆ ಅಂತ ತೋರಿಸಿಕೊಳ್ಳಬೇಕಲ್ಲ, ಅದಕ್ಕೆ ಸದ್ದು ಬಂದ ಕಡೆಗೆ ನೇರವಾಗಿ ಮುಖ ತಿರುಗಿಸುತ್ತಿದ್ದ. ನೇರ ನೋಡಿದರೆ ಅಲ್ಲಿ ಮಸಿ. ಗಾಡಿ ಹತ್ತಿರ ಬಂತೋ, ದಾಟಿತೋ, ಒಳಗೆ ಯಾರೋ, ಬೆರಳೆತ್ತಿದರೋ ಇಲ್ಲವೋ, ಒಂದೂ ಗೊತ್ತಾಗುತ್ತಿರಲಿಲ್ಲ. ಮೊದಮೊದಲು ಸದ್ದು ಕೇಳಿದ್ದಕ್ಕೆಲ್ಲ ಎತ್ತಿ ನೋಡಿದ. ಒಂದು ದಿನ ಹಾಗೆ ಎತ್ತಿದ್ದು ಗಾಳಿಗೆ, ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ ಅಂತ ಅಯೋನಾ ಹೇಳಿದಳು. ಆಮೇಲೆ ನಾಚಿಕೆಯಾಗಿ ಅವಳಿಲ್ಲದಾಗ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡ.

ಮೊದಲು ಸಿಟ್ಟಾದವನು ಎಲ್ವಿನ್ ಟಟ್ರೋ. ಬೀಡಲ್ ಹಿಲ್ಲಿನ ಮೇಲೆ ಅವನ ಹೈನಿನ ಮನೆ. ರಾಸ್ ದಿನವೂ ಮೊದಲು ಹಾಲು ತುಂಬಿಸಿಕೊಳ್ಳುತ್ತಿದ್ದದ್ದು ಅಲ್ಲೇ. ಕೊಟ್ಟಿಗೆಯಲ್ಲಿ ನಿಂತು ಇಬ್ಬರೂ ಮಾತಿಲ್ಲದೆ ಕಾಫಿ ಕುಡಿದ ಬೆಳಗುಗಳಿಗೆ ಲೆಕ್ಕವಿಲ್ಲ. ಅಂಥವನು ನನ್ನ ಅಂಗಡಿಗೆ ಬಂದು ಮೇವಿನ ಚೀಲವನ್ನು ನೆಲಕ್ಕೆ ಕುಕ್ಕಿದ.

"ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಥಿರ್ಜಾ. ನಾನು ಬೆರಳೆತ್ತಿದೆ. ಕಂಬ ನೋಡಿದಂಗೆ ನೋಡ್ತಾ ಕೂತಿದ್ದ. ಒಂದಲ್ಲ, ಮೂರ್ನಾಲ್ಕು ಸಲ."

ಅವನಿಗೇನೋ ಯೋಚನೆ ಇದ್ದಿರಬೇಕು ಅಂದೆ. ಕೆಲಸ ಬಿಟ್ಟ ಮೇಲೆ ದೊಡ್ಡ ಮನುಷ್ಯನಾಗಿದ್ದಾನೆ, ಜಗಲಿ ಇನ್ನೂ ಎದ್ದೇ ಇಲ್ಲ, ಆಗಲೇ ಅದರ ಮೇಲಿಂದ ನಮ್ಮನ್ನು ಕೆಳಗೆ ನೋಡುತ್ತಿದ್ದಾನೆ ಅಂದ ಎಲ್ವಿನ್. ಮಾತು ಊರು ಸುತ್ತಿತು. ಉಳಿದವರೂ ನೋಡತೊಡಗಿದರು. ನೋಡಬೇಕು ಅಂತ ನೋಡಿದರೆ ಕಾಣದೆ ಇರುತ್ತದೆಯೇ? ಹೌದು, ಎತ್ತುವುದಿಲ್ಲ. ಆಗಸ್ಟ್ ಬರುವ ಹೊತ್ತಿಗೆ ಆ ಮನೆಯ ಮುಂದೆ ಬೆರಳೆತ್ತುವವರೇ ಇಲ್ಲವಾದರು. ಮೊದಲೆಲ್ಲ ನಿಧಾನ ಮಾಡುತ್ತಿದ್ದ ಗಾಡಿಗಳು ಈಗ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ರಾಸ್‌ಗೆ ಬೆರಳು ಕಾಣದಿದ್ದರೂ ವೇಗ ಕೇಳಿಸುತ್ತಿತ್ತು. ಜನ ತನ್ನನ್ನು ಬಿಡುತ್ತಿದ್ದಾರೆ ಅಂತ ಅವನಿಗೆ ಅರ್ಥವಾಯಿತು. ಯಾಕೆ ಅಂತಲೂ ಅರ್ಥವಾಯಿತು. ಆದರೂ ಬಾಯಿ ಬಿಡಲಿಲ್ಲ. ಹೇಳಿಬಿಡು ಅಂತ ಅಯೋನಾ ಬೇಡಿಕೊಂಡಳಂತೆ, ಜಗಳ ಮಾಡಿದಳಂತೆ, ಒಂದು ದಿನ ಅಡುಗೆ ಮಾಡದೆ ಮಲಗಿದಳಂತೆ. ಅವನು ಉಪ್ಪಿನಕಾಯಿ ಬ್ರೆಡ್ಡು ತಿಂದು ದಾರದೊಳಗೆ ಹೋಗಿ ಕೂತ.

ವಿಚಾರಣೆಯ ದಿನ ಮಂಡಳಿಯವರು ಐವರೂ ಮೊದಲು ಮನೆಯ ಮುಂದೆ ಬಂದೆವು. ಅಧ್ಯಕ್ಷೆ ಲೋವಿನಾ ಪ್ರೆಂಟಿಸ್, ಮೊದಲು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವಳು. ನಾವೆಲ್ಲ ಅವಳ ಕೈಲಿ ಕಿವಿ ಹಿಂಡಿಸಿಕೊಂಡವರೇ. ಅವಳು ಅಳತೆಪಟ್ಟಿ ಹಿಡಿದು ರಸ್ತೆಯ ನಡುವೆ ನಿಂತು ಅಳೆದಳು, ತಲೆ ಅಲ್ಲಾಡಿಸಿದಳು. ಆದರೆ ಒಳಗೆ ನೋಡಲು ಹೊರಟಾಗ ದಾರ ದಾಟಲಿಲ್ಲ. ಮೆಟ್ಟಿಲಿನ ಜಾಗಕ್ಕೆ ಸುತ್ತಿ ಹೋದಳು, ಬೂಟಿನ ಮಣ್ಣನ್ನು ಹುಲ್ಲಿಗೆ ಒರೆಸಿ ಒಳಗೆ ಹೆಜ್ಜೆಯಿಟ್ಟಳು. ಅಷ್ಟು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು.

ಸಂಜೆ ಟೌನ್ ಹಾಲು ತುಂಬಿತ್ತು. ಒಂದು ಜಗಲಿಗೆ ಅಷ್ಟು ಜನ ಬಂದದ್ದನ್ನು ನಾನು ಕಂಡಿಲ್ಲ. ಕಾಫಿ ಪಾತ್ರೆಯ ಪಕ್ಕದಲ್ಲಿ ಡೋನಟ್ ಇಟ್ಟಿದ್ದರು, ಯಾರೂ ಮುಟ್ಟಿರಲಿಲ್ಲ. ಅಲ್ಲಿಗೇ ತಿಳಿಯಿತು ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ. ಮಾತಾಡುವವರೆಲ್ಲ ಬಲಗೈ ಎತ್ತಿ ನಿಜ ಹೇಳುತ್ತೇವೆ ಅಂತ ಪ್ರಮಾಣ ಮಾಡಿದರು. ಲೋವಿನಾ ನಿಯಮ ಓದಿದಳು. ಆಮೇಲೆ ಎಲ್ವಿನ್ ಎದ್ದ. ಎದುರಿನ ಸಾಲಿನಲ್ಲಿ, ರಾಸ್‌ಗೆ ಕೈಗೆಟಕುವಷ್ಟು ಹತ್ತಿರ ಕೂತಿದ್ದ ಅವನು ಕೆಮ್ಮಿ, ಟೋಪಿ ತಿರುವಿ, ಕೊನೆಗೆ ಹೇಳಿದ.

"ಜಗಲಿ ಇರೋದೇ ಹೋಗೋರು ಬರೋರ ಮುಖ ನೋಡಕ್ಕೆ. ಬೆರಳೆತ್ತದವನಿಗೆ ರಸ್ತೆ ಕಡೆ ಜಗಲಿ ಯಾಕೆ? ಹಿಂದ್ಗಡೆ ಕಟ್ಕೊಳ್ಳಲಿ. ತೊರೆಗೆ ಯಾರೂ ಬೆರಳೆತ್ತಬೇಕಾಗಿಲ್ಲ."

ಒಂದಿಬ್ಬರು ಹೂಂ ಅಂದರು. ಬೆರಳಿನ ವಿಷಯ ನಿಯಮದಲ್ಲಿಲ್ಲ, ನಿಯಮದಲ್ಲಿರುವುದನ್ನು ಮಾತಾಡಿ ಅಂದಳು ಲೋವಿನಾ. ಆಮೇಲೆ ಅವಳು ರಾಸ್ ಕಡೆ ತಿರುಗಿ, ಈ ಜಗಲಿ ಇಲ್ಲದಿದ್ದರೆ ನಿಮಗೆ ಆಗುವ ತೊಂದರೆ ಏನು ಗೋಕಿಯವರೇ, ಅದನ್ನು ಹೇಳಿ ಅಂದಳು. ಚಿಕ್ಕಂದಿನಿಂದ ಕಂಡವನನ್ನು ಬಹುವಚನದಲ್ಲಿ ಕರೆದದ್ದು ವಿಚಾರಣೆಯ ಮರ್ಯಾದೆಗೆ.

ರಾಸ್ ಸುಮ್ಮನೆ ಕೂತಿದ್ದ. ಯಾರೋ ಕುರ್ಚಿ ಕಿರುಗುಟ್ಟಿಸಿದರು. ನನಗೆ ಆಗಲೂ ಏನೂ ಗೊತ್ತಿಲ್ಲ, ಬಾಯಿ ಬಿಡೋ ಮುಠ್ಠಾಳ ಅಂತ ಒಳಗೊಳಗೇ ಬೈಯುತ್ತಿದ್ದೆ. ಕೊನೆಗೆ ಅಯೋನಾ ಎದ್ದು ನಿಂತಳು. ಪ್ರಮಾಣಕ್ಕೆ ಬಲಗೈ ಎತ್ತಿದಳು. ಕೊಟ್ಟ ಮಾತನ್ನು ಮುರಿಯಲು ಎದ್ದಿದ್ದಾಳೆ ಅಂತ ಗಂಡನಿಗೆ ಗೊತ್ತಾಯಿತು. ಅವಸರದಲ್ಲಿ ಬಿಚ್ಚದೆ ಬಂದಿದ್ದ ಅವಳ ಏಪ್ರನ್ನಿನ ಅಂಚನ್ನು ಅವನು ಮೆಲ್ಲಗೆ ಎಳೆದ.

"ಕೂತ್ಕೊ ಅಯೋನಾ. ನಾನೇ ಹೇಳ್ತೀನಿ." ಎದ್ದು ನಿಂತ. ಕೂತ ಜನರ ಕಡೆಗೆ ಮುಖ ಮಾಡಿದ. "ಎಲ್ವಿನ್, ನೀನು ಎಲ್ಲಿ ಕೂತಿದೀಯ? ಸ್ವಲ್ಪ ಹೇಳು. ನಿನ್ನ ಕಡೆ ತಿರುಗಿ ಮಾತಾಡ್ಬೇಕು."

ಎಲ್ವಿನ್ ಅವನ ಮೂಗಿನ ಕೆಳಗೇ ಇದ್ದ. ಮೊದಲು ಇದು ಕುಹಕ ಅಂದುಕೊಂಡನೇನೋ, ಮುಖ ಕೆಂಪಾಯಿತು. ಆಮೇಲೆ ರಾಸ್‌ನ ಕಣ್ಣು ತನ್ನ ತಲೆಯ ಮೇಲಿಂದ ಹಾದು ಗೋಡೆಯ ಗಡಿಯಾರದ ಕಡೆಗೆಲ್ಲೋ ಹೋಗುತ್ತಿದೆ ಅಂತ ಕಂಡಿತು. ಕೆಂಪು ಇಳಿಯಿತು.

"ಇಲ್ಲೇ ಇದೀನಿ ರಾಸ್," ಅಂದ. ಅವನ ದನಿ ನನಗೇ ಗುರುತು ಸಿಗಲಿಲ್ಲ.

ರಾಸ್ ಹೇಳಿದ. ಅಲಂಕಾರ ಇಲ್ಲದೆ, ಹಾಲಿನ ಲೆಕ್ಕ ಒಪ್ಪಿಸುವ ಹಾಗೆ. ಕಣ್ಣು ಹೀಗಾಗಿದೆ, ಸೊಂಟ ನೆಟ್ಟಗಿದೆ, ಮುಖಗಳು ಹೋಗಿವೆ, ಇನ್ನೂ ಹೋಗುತ್ತವೆ. ಬೆರಳೆತ್ತಿದವರೆಲ್ಲ ಕ್ಷಮಿಸಬೇಕು, ಎತ್ತಿದ್ದು ಕಾಣಲಿಲ್ಲ. ಹಿಂದಿನ ತೊರೆ ಚೆನ್ನಾಗಿದೆ, ಆದರೆ ಅಲ್ಲಿ ಯಾರೂ ಹಾಯುವುದಿಲ್ಲ. ಅಲ್ಲಿ ಕೂತರೆ ಕಣ್ಣು ಹೋಗುವ ಮೊದಲೇ ಊರು ಹೋಗುತ್ತದೆ. ಇದು ತೊಂದರೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ ಅಂದ.

ಲೋವಿನಾ ಪುಸ್ತಕ ತಿರುವಿ, ಅಂಗವೈಕಲ್ಯ ಇದ್ದವರಿಗೆ ನಿಯಮ ಸಡಿಲಿಸುವ ಕಲಮು ಇದೆ, ಅದರ ಕೆಳಗೆ ಕೊಡಬಹುದು ಅಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ರಾಸ್‌ಗೆ ಅದು ಚುಚ್ಚಿತು. ಕುರುಡ ಅಂತ ಕನಿಕರಪಟ್ಟು ಕೊಡುವ ಜಗಲಿ ತನಗೆ ಬೇಡ, ಅದನ್ನು ನೀವೇ ಇಟ್ಟುಕೊಳ್ಳಿ ಅಂದುಬಿಟ್ಟ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದನ್ನು ಕೇಳಿದ್ದೆ. ಇಲ್ಲಿ ಪೂಜಾರಿಯೂ ಕೊಟ್ಟ ಮೇಲೆ ಭಕ್ತನೇ ಬೇಡ ಅನ್ನುತ್ತಿದ್ದ. ಲೋವಿನಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಆಗ ಅವಳ ಬಾಯಲ್ಲಿ ಬಹುವಚನವೂ ಹೋಗಿತ್ತು.

"ಯಾರಿಗೋ ನಿನ್ನ ಮೇಲೆ ಕನಿಕರ? ನನಗಂತೂ ಇಲ್ಲ. ಒಂದು ಬೇಸಿಗೆ ಪೂರ್ತಿ ಊರನ್ನ ಗೋಳುಹೊಯ್ಕೊಂಡಿದೀಯ. ಪುಸ್ತಕದಲ್ಲಿದೆ, ಅದಕ್ಕೆ ಕೊಡ್ತಿದೀವಿ. ಬಾಯ್ಮುಚ್ಕೊಂಡು ತಗೊ."

ಯಾರೋ ನಕ್ಕರು. ರಾಸ್ ಕೂಡ ನಕ್ಕ. ಐದು ಕೈಗಳೂ ಎದ್ದವು. ನನ್ನ ಕೈ ಎತ್ತುವಾಗ ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಎಲ್ಲರೂ ಡೋನಟ್ಟಿಗೆ ಎದ್ದರು. ಎಲ್ವಿನ್ ಮಾತ್ರ ಹೊರಗೆ ಹೋಗಿ ತನ್ನ ಪಿಕಪ್ಪಿನಲ್ಲಿ ಬಹಳ ಹೊತ್ತು ದೀಪ ಹಾಕದೆ ಕೂತಿದ್ದ.

ಆಕ್ಷೇಪಕ್ಕೆ ಬಿಟ್ಟ ದಿನಗಳು ಕಳೆದವು. ಯಾರೂ ಆಕ್ಷೇಪಿಸಲಿಲ್ಲ. ನೆಲ ಹೆಪ್ಪುಗಟ್ಟುವ ಮೊದಲು ಕಂಬದ ಗುಂಡಿ ತೋಡಬೇಕಿತ್ತು, ಅದೂ ಹಿಮದ ಹಿಡಿತಕ್ಕೆ ಸಿಗದಷ್ಟು ಆಳಕ್ಕೆ. ಇಲ್ಲದಿದ್ದರೆ ಚಳಿಗಾಲ ಕಂಬವನ್ನು ಹಲ್ಲು ಕಿತ್ತ ಹಾಗೆ ಮೇಲಕ್ಕೆ ಕೀಳುತ್ತದೆ. ಹಾರೆ ಹಿಡಿದು ಮೊದಲು ಬಂದವನು ಎಲ್ವಿನ್. ತನ್ನ ಕಾಡಿನ ಹೆಮ್ಲಾಕ್ ಮರದ ಹಲಗೆಗಳನ್ನೂ ತಂದಿದ್ದ. ಯಾರ ಮುಖವನ್ನೂ ನೋಡದೆ ದಿನವೆಲ್ಲ ಅಗೆದ. ಉಳಿದವರು ಒಬ್ಬೊಬ್ಬರಾಗಿ ಬಂದರು. ಗೂಟ ಕೀಳುವ ಮೊದಲು ಅಯೋನಾ ಒಂದು ಗಳಿಗೆ ದಾರದೊಳಗೆ ಸುಮ್ಮನೆ ನಿಂತಿದ್ದಳು. ಮರದ ಜಗಲಿ ಎದ್ದಾಗ ಮೆಟ್ಟಿಲು ಟಟ್ರೋ ಮನೆಯದರಂತೆ ಅಗಲವಾಗಿತ್ತು, ಚಾವಣಿ ನೀಲಿಯಾಗಿತ್ತು, ತೂಗುಮಣೆ ಅಯೋನಾ ಹೇಳಿದ ಕಡೆಗಿತ್ತು. ಮನೆಗಿಂತ ಜಗಲಿಯೇ ದೊಡ್ಡದಾಗಿ ಕಾಣುತ್ತದೆ, ಮೂಗಿಗಿಂತ ಮೂಗುತಿ ಭಾರ ಅಂದೆ. ರಾಸ್ ಖುಷಿಯಾಗಿ ನಕ್ಕ.

ಎಲ್ಲರಿಗೂ ಗೊತ್ತಾದ ಮೇಲೆ ಅವನಲ್ಲಿ ಒಂದು ಬದಲಾವಣೆ ನೋಡಿದೆ. ಮುಚ್ಚಿಟ್ಟುಕೊಂಡಿದ್ದಷ್ಟು ದಿನ ಎಲ್ಲರನ್ನೂ ನೇರ ನೋಡಿದ್ದವನು ಈಗ ನೇರ ನೋಡುವುದನ್ನೇ ಬಿಟ್ಟ. ಯಾರು ಮಾತಾಡಿಸಿದರೂ ಮುಖವನ್ನು ಪಕ್ಕದ ಮೇಪಲ್ ಮರದ ಕಡೆಗೆ ತಿರುಗಿಸಿ ಕೂರುತ್ತಿದ್ದ. ಆ ಮರದ ತುದಿಯನ್ನು ನೋಡುತ್ತಾ ಕೂತರೆ ಮಸಿ ಅತ್ತ ಹೋಗುತ್ತದಂತೆ, ರಸ್ತೆ ಕಣ್ಣಿನ ಅಂಚಿನಲ್ಲಿ ತೇಲಿಬಂದು ನಿಲ್ಲುತ್ತದಂತೆ. ನೀರಿನೊಳಗೆ ಕಂಡ ಹಾಗೆ ಎಲ್ಲ ಮೆತ್ತಗೆ ಅಲ್ಲಾಡುತ್ತದಂತೆ, ಬಣ್ಣ, ಆಕಾರ, ಒಂದು ಹೊಳಪು. ಮೊದಲಾದರೆ ಹಾಗೆ ಕೂತಿದ್ದಕ್ಕೂ ಸೊಕ್ಕು ಅನ್ನುತ್ತಿದ್ದರು. ಈಗ ಯಾರೂ ಅನ್ನಲಿಲ್ಲ.

ಮರುವರ್ಷ ಜೂನ್ ತಿಂಗಳ ಒಂದು ಸಂಜೆ ನಾನು ತೂಗುಮಣೆಯ ಮೇಲಿದ್ದೆ. ಅಯೋನಾ ಒಳಗೆ ಬೀನ್ಸ್ ಬೇಯಿಸುತ್ತಿದ್ದಳು. ರಾಸ್ ಮರದ ಕಡೆ ಮುಖ ಮಾಡಿ ಅರೆನಿದ್ದೆಯಲ್ಲಿದ್ದ ಹಾಗಿತ್ತು. ಗುಡ್ಡದ ಮೇಲಿಂದ ಎಲ್ವಿನ್ನನ ಪಿಕಪ್ಪು ಇಳಿಯಿತು. ಹಳೆಯ ಅಭ್ಯಾಸ, ಬೆರಳೆತ್ತಿದ, ಮುಂದಕ್ಕೆ ಹೋದ. ಸ್ವಲ್ಪ ದೂರದಲ್ಲಿ ಗಕ್ಕನೆ ನಿಂತ. ಹಿಂದಕ್ಕೆ ಓಡಿಸಿಕೊಂಡು ಬಂದು ಇಳಿದ. ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ.

"ರಾಸ್, ನಾನು ಎಲ್ವಿನ್. ಬೆರಳೆತ್ತಿ ಹಂಗೇ ಹೋಗ್ಬಿಟ್ಟೆ ಕಣೋ. ನಿನಗೆ ಕಾಣಲ್ಲ ಅನ್ನೋದೇ ಮರೆತೋಯ್ತು."

ರಾಸ್ ಮುಖ ತಿರುಗಿಸಲಿಲ್ಲ. ಮೇಪಲ್ಲಿನ ತುದಿಯನ್ನೇ ನೋಡುತ್ತಿದ್ದ.

"ನಾನೂ ಎತ್ತಿದ್ನಲ್ಲೋ," ಅಂದ. "ನೀನೇ ನೋಡ್ಲಿಲ್ಲ."

ಎತ್ತಿದ್ದು ನಿಜ. ನಾನು ನೋಡಿದ್ದೆ.